ಒಳಗಿನ ಚಿಲಕ

ಯಜಮಾನನ ಜೋಳಕ್ಕೆ ಉಚ್ಚೆ ಬೇಕಾಯಿತು. ಅಲ್ಲಿಯವರೆಗೆ ಅವನ ಹೊಲಕ್ಕೆ ಬರುವ ಕೂಲಿ ಹೆಂಗಸರು ಎಲ್ಲಿ ಉಚ್ಚೆ ಹೊಯ್ಯುತ್ತಾರೆ, ಅಸಲು ಹೊಯ್ಯುತ್ತಾರೋ ಇಲ್ಲವೋ ಎಂದು ಕೇಳಿದ ಪುಣ್ಯಾತ್ಮ ಒಬ್ಬನೂ ಇರಲಿಲ್ಲ.

ಗೊಬ್ಬರದಕ್ಕನದು ನಾಲ್ಕು ಹೆತ್ತ ಮೈ. ಕೆಮ್ಮಿದರೆ ಸೋರುತ್ತಿತ್ತು. ಸೀನಿದರೆ ಸೋರುತ್ತಿತ್ತು. ಯಾರಾದರೂ ನಗಿಸಿದರಂತೂ ಕೇಳುವುದೇ ಬೇಡ. ಅವಳ ಪಕ್ಕದ ಸಾಲಿಗೆ ನಿಲ್ಲುತ್ತಿದ್ದವಳು ರೇಡಿಯೋ. ಬೆಳಿಗ್ಗೆ ಬಾಯಿ ತೆರೆದರೆ ಸಂಜೆಯವರೆಗೆ ನಿಲ್ಲಿಸದ ಹೆಂಗಸಾದ್ದರಿಂದ ಆ ಹೆಸರು. "ನಗಿಸಬೇಡ್ವೇ, ನಿನ್ನ ಬಾಯಿಗೆ ಮಣ್ಣು ಹಾಕ" ಎಂದು ಗೊಬ್ಬರದಕ್ಕ ಕಾಲು ಒತ್ತಿಕೊಂಡು ಬೇಡುತ್ತಿದ್ದಳು.

ಗೊಬ್ಬರದಕ್ಕ ಎಂಬ ಹೆಸರು ಗೊಬ್ಬರ ಇಡುವ ಕೈಯಿಂದ ಬಂದದ್ದು. ಜೋಳ ಮೊಣಕಾಲೆತ್ತರಕ್ಕೆ ಬಂದಾಗ ಮೇಲುಗೊಬ್ಬರ ಕೊಡಬೇಕು. ಸೊಂಟಕ್ಕೆ ಗೋಣಿಯ ಮಡಿಲು ಕಟ್ಟಿಕೊಂಡು, ಅದರ ತುಂಬ ಯೂರಿಯಾ ಹೊಯ್ದುಕೊಂಡು, ಬಗ್ಗಿ, ಪ್ರತಿ ಗಿಡದ ಬುಡದ ಪಕ್ಕ ಒಂದೊಂದು ಚಿಟಿಕೆ ಇಟ್ಟು, ಹಿಮ್ಮಡಿಯಿಂದ ಮಣ್ಣು ಎಳೆದು ಮುಚ್ಚಿ ಮುಂದಕ್ಕೆ ಹೋಗಬೇಕು. ಕಾಂಡಕ್ಕೆ ತಾಗಿದರೆ ಗಿಡ ಸುಡುತ್ತದೆ. ದೂರ ಬಿದ್ದರೆ ಕಳೆ ತಿನ್ನುತ್ತದೆ. ಮುಚ್ಚದೆ ಬಿಟ್ಟರೆ ಗಾಳಿ ತಿನ್ನುತ್ತದೆ. ಬೆರಳ ಸಂದಿಯ ಚರ್ಮ ಒಡೆದು ಆ ಒಡಕಿಗೆ ಯೂರಿಯಾ ಇಳಿಯುತ್ತದೆ. ಊಟದ ಹೊತ್ತಿಗೆ ತುತ್ತು ಕಲಸಲು ಆಗುವುದಿಲ್ಲ. ಎಲೆಯ ಅಂಚು ಮೊಣಕೈಯನ್ನು ಗೀರುತ್ತದೆ. ಸಂಜೆಗೆ ಸೊಂಟ ತನ್ನದಲ್ಲ.

ಇದೆಲ್ಲ ಕೂಲಿಯ ಲೆಕ್ಕಕ್ಕೆ ಬಂತೆನ್ನೋಣ. ಮರೆಯೊಂದು ಇರಲಿಲ್ಲ. ಮೊಣಕಾಲೆತ್ತರದ ಪೈರು ಮೊಲಕ್ಕೆ ಮರೆಯಾದೀತು, ಹೆಂಗಸಿಗೆ ಆಗುವುದಿಲ್ಲ. ಹೊಲ ಅಂಗೈಯಂತೆ ಚಪ್ಪಟೆ. ಟ್ರ್ಯಾಕ್ಟರ್ ತಿರುಗಿಸಲು ಅಡ್ಡವೆಂದು ಯಜಮಾನ ಮರ, ಪೊದೆ ಎಲ್ಲ ಕಿತ್ತಿಸಿದ್ದ. ಪಕ್ಕದಲ್ಲೇ ಟಾರು ರಸ್ತೆ, ಅದರ ಮೇಲೆ ಲೋಕವೆಲ್ಲ ಓಡಾಡುತ್ತಿತ್ತು.

ಅದಕ್ಕೆ ಹೆಂಗಸರೇ ಒಂದು ದಾರಿ ಮಾಡಿಕೊಂಡಿದ್ದರು. ಯಾರಿಗಾದರೂ ಅವಸರವಾದರೆ "ಗೋಡೆ!" ಎಂದು ಕೂಗುವುದು. ಉಳಿದವರು ಬಂದು ಬೆನ್ನು ಒಳಗೆ, ಮುಖ ಹೊರಗೆ ಮಾಡಿ ಸುತ್ತ ನಿಲ್ಲುವುದು. ನಡುವೆ ಒಬ್ಬಳು ಕೂರುವುದು. ಅವಳು ಎದ್ದ ಮೇಲೆ ಗೋಡೆ ಮತ್ತೆ ಹೆಂಗಸರಾಗಿ ತಂತಮ್ಮ ಸಾಲಿಗೆ ಹೋಗುವುದು.

ಮೇಸ್ತ್ರಿ ಅದನ್ನು ನಿಲ್ಲಿಸಿದ. "ಒಬ್ಬಳು ಹೊಯ್ಯೋಕೆ ಆರು ಜನ ನಿಲ್ಲೋದು ಯಾವ ನ್ಯಾಯ? ಇನ್ಮೇಲೆ ಗೋಡೆ ಗೀಡೆ ಇಲ್ಲ. ಮನೆಗೆ ಹೋಗಿ ಹೊಯ್ಕೊಳ್ಳಿ."

"ಸಂಜೆ ತನಕ ಏನು ಮಾಡೋದು, ಗಂಟು ಹಾಕ್ಕೊಳ್ಳೋದಾ?" ಎಂದಳು ರೇಡಿಯೋ.

"ನಾಲಿಗೆ ಉದ್ದ ಆಯ್ತು ನಿಂದು."

"ನನಗೆ ಉದ್ದ ಇರೋದು ಅದೊಂದೇ ಮೇಸ್ತ್ರೀ. ಬೇರೆ ಏನಾದ್ರೂ ಇದ್ದಿದ್ರೆ ನಾನೂ ನಿಮ್ಮ ಹಾಗೆ ರಸ್ತೆ ನೋಡ್ಕೊಂಡು ನಿಂತ್ಕೋತಿದ್ದೆ."

ಹೆಂಗಸರೆಲ್ಲ ನಕ್ಕರು. ಗೊಬ್ಬರದಕ್ಕನೂ ನಕ್ಕಳು. ನಕ್ಕದ್ದೇ ತಪ್ಪಾಯಿತು. ಬಿಸಿಯಾಗಿ ತೊಡೆಯಲ್ಲಿ ಇಳಿಯಿತು. ಕೈಯಲ್ಲಿ ತಡೆದರೆ ನಿಲ್ಲುವ ವಸ್ತುವೇ ಅದು? ಮಡಿಲಿನ ತಳ ಒದ್ದೆಯಾಯಿತು. ಮೇಸ್ತ್ರಿ ಹತ್ತಿರ ಬಂದು ಬಗ್ಗಿ ನೋಡಿದ. ಅವಳ ಕಾಲನ್ನಲ್ಲ, ಮಡಿಲನ್ನು.

"ಅಯ್ಯಯ್ಯೋ, ಯೂರಿಯಾ ಒದ್ದೆ ಮಾಡಿದ್ಲಲ್ಲಪ್ಪಾ! ಒದ್ದೆ ಆದ್ರೆ ಉಂಡೆ ಕಟ್ಟುತ್ತೆ. ಇದೇನು ಹೆಂಗಸೋ ತೂತು ಮೂಟೆಯೋ?"

ಒದ್ದೆ ಬಟ್ಟೆಯಲ್ಲೇ ಅವಳು ಸಂಜೆಯವರೆಗೆ ಬಗ್ಗಿದಳು. ಬಟ್ಟೆ ಮೈಮೇಲೇ ಒಣಗಿತು. ತೊಡೆ ಉಜ್ಜಿ ಕೆಂಪಾಯಿತು, ನೊಣ ಮುತ್ತಿತು. ಮಾರನೆಯ ದಿನದಿಂದ ಮೇಸ್ತ್ರಿಯ ಬಾಯಲ್ಲಿ ಅವಳು ತೂತು ಮೂಟೆ. ಯಜಮಾನನ ಬಾಯಲ್ಲೂ ಅದೇ. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಬಾಯಿ ಒಣಗಿದರೆ ಉಗುಳು ನುಂಗುವುದು.

ಮುಂದಿನ ಬೆಳೆಗೆ ಹೊಲ ಹದ ಮಾಡುವ ಹೊತ್ತಿಗೆ ಅವಳ ಸೊಸೆಯೂ ಕೆಲಸಕ್ಕೆ ಬರತೊಡಗಿದಳು. ಚೊಚ್ಚಲು ಬಸುರಿ. ಅತ್ತೆಯನ್ನು ನೋಡಿ ಅವಳೂ ನೀರು ಬಿಟ್ಟಳು. ಒಂದು ದಿನ ಚಳಿ ಜ್ವರ ಬಂದು ಬದುವಿನ ಮೇಲೆ ಮುದುಡಿಕೊಂಡಳು. ಉಚ್ಚೆ ಹೊಯ್ಯಲು ಕೂತರೆ ಬೆಂಕಿ ಬಿದ್ದಂತೆ ಉರಿ.

ಡಾಕ್ಟರಮ್ಮ ಮಾತ್ರೆ ಕೊಟ್ಟು ಹೇಳಿದರು: "ನೀರು ಚೆನ್ನಾಗಿ ಕುಡೀಬೇಕು. ಬಂದಾಗ ಹೋಗ್ಬೇಕು, ತಡೀಲೇಬಾರದು. ಮತ್ತೆ ಹೀಗಾದ್ರೆ ಮಗೂಗೆ ತೊಂದರೆ."

"ಇದನ್ನ ನಮ್ಮ ಮೇಸ್ತ್ರಿಗೆ ಹೇಳ್ತೀರಾ ಡಾಕ್ಟ್ರಮ್ಮ?" ಎಂದಳು ಗೊಬ್ಬರದಕ್ಕ.

ತಮಾಷೆಯೆಂದುಕೊಂಡು ಡಾಕ್ಟರಮ್ಮ ನಕ್ಕರು. ಗೊಬ್ಬರದಕ್ಕ ನಗಲಿಲ್ಲ. ಆ ದಾರಿಯುದ್ದಕ್ಕೂ ಸೊಸೆಯ ಹೊಟ್ಟೆಯನ್ನೇ ನೋಡುತ್ತ ನಡೆದಳು. ತಾನೇನೋ ಸೋರಿ ಸೋರಿ ಹಳೆಯದಾದ ಮಡಕೆ. ಇದು ಹೊಸ ಜೀವ.

ಆ ವರ್ಷವೇ ಯೂರಿಯಾ ಸಿಗದಾಯಿತು. ಅಂಗಡಿಯ ಮುಂದೆ ರೈತರು ಚಪ್ಪಲಿ ಸಾಲಿಗಿಟ್ಟು ಕಾಯತೊಡಗಿದರು. ಕೃಷಿ ಸಲಹೆಗಾರ್ತಿ ಸಭೆ ಕರೆದು, ಯೂರಿಯಾದಲ್ಲಿ ಇರುವ ಸಾರ ಮನುಷ್ಯರ ಮೂತ್ರದಲ್ಲೂ ಇದೆ, ಪುಕ್ಕಟೆ ಸಿಗುತ್ತದೆ ಎಂದಳು. ಪುಕ್ಕಟೆ ಎಂಬಲ್ಲಿಯವರೆಗೆ ಯಜಮಾನ ಕಿವಿ ಅಗಲಿಸಿಕೊಂಡು ಕೇಳಿದ. ಮುಚ್ಚಿದ ಡ್ರಮ್ಮಿನಲ್ಲಿ ಕೆಲವು ವಾರ ಇಟ್ಟು, ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ, ಎಲೆಗೆ ತಾಗಿಸದೆ ಬುಡಕ್ಕೆ ಹೊಯ್ಯಬೇಕು ಎಂದು ಅವಳು ಹೇಳುವ ಹೊತ್ತಿಗೆ ಅವನಿಗೆ ಫೋನು ಬಂದು ಎದ್ದು ಹೊರಗೆ ಹೋಗಿದ್ದ.

ಹೊಲದ ಅಂಚಿಗಿದ್ದ ಯಜಮಾನನ ಮನೆಯ ಹಿತ್ತಲಿನ ಗೋಡೆಗೆ ಅಂಟಿಸಿ, ಹೊಲಕ್ಕೆ ಮುಖ ಮಾಡಿ ಒಂದು ಕೋಣೆ ಎದ್ದಿತು. ಸಿಮೆಂಟಿನ ನೆಲ, ನಡುವೆ ತೂತು, ತೂತಿನಿಂದ ಹೊರಗಿನ ನೀಲಿ ಡ್ರಮ್ಮಿಗೆ ಕೊಳವೆ. ಮನೆ ಕಟ್ಟುವಾಗ ಉಳಿದಿದ್ದ ಕಬ್ಬಿಣದ ಬಾಗಿಲು. ಬಾಗಿಲಿಗೆ ಒಳಗಡೆ ಚಿಲಕ.

ಮೇಸ್ತ್ರಿ ಹೆಂಗಸರನ್ನು ಕರೆದು ನಿಲ್ಲಿಸಿ ಹೇಳಿದ. "ನೋಡಿ, ಇನ್ಮೇಲೆ ಎಲ್ರೂ ಇಲ್ಲೇ ಬರ್ಬೇಕು. ಹೊರಗೆ ಎಲ್ಲೂ ದ್ರವ ಗೊಬ್ಬರ ದಂಡ ಮಾಡಬಾರದು."

"ಏನು ದಂಡ ಮಾಡಬಾರದು?"

"ದ್ರವ ಗೊಬ್ಬರ."

"ಕೇಳಿದ್ರೇನ್ರೇ," ಎಂದಳು ರೇಡಿಯೋ, "ನಮ್ಮ ಉಚ್ಚೆಗೆ ಬಡ್ತಿ ಸಿಕ್ತು. ನಮಗೆ ಯಾವಾಗಲೋ!"

ನೀರಿನ ಕೊಡಗಳೂ ಬಂದವು. ನೀರು ಕುಡಿದರೆ ಕಣ್ಣು ಕೆಂಪು ಮಾಡುತ್ತಿದ್ದ ಅದೇ ಮೇಸ್ತ್ರಿ ಈಗ ಚೊಂಬು ಹಿಡಿದು ಸಾಲಿನಿಂದ ಸಾಲಿಗೆ ಬಂದು "ಕುಡೀರಮ್ಮ, ಬಿಸಿಲು ಜಾಸ್ತಿ ಇದೆ, ಕುಡೀರಿ" ಎನ್ನುತ್ತಿದ್ದ. ಹಾಲು ಕರೆಯುವ ಹಸುವಿಗೆ ಹಿಂಡಿ ಇಟ್ಟಂತೆ. ಯಜಮಾನನ ಮನೆಯವರು ಮಾತ್ರ ಆ ಕೋಣೆಗೆ ಬರಲಿಲ್ಲ. ಅವರಿಗೆ ಒಳಗೆ ಬೇರೆ ಇತ್ತು. "ಅವರದ್ದು ಅತ್ತರು ಕಣೇ, ಜೋಳಕ್ಕೆ ಹಾಕಿದ್ರೆ ತೆನೆ ಬದಲು ಹೂವು ಬಿಟ್ಟೀತು" ಎಂದು ಹೆಂಗಸರು ಆಡಿಕೊಂಡರು.

ಏನೇ ಆಡಿಕೊಳ್ಳಲಿ, ಮೊದಲ ಸಲ ಒಳಗೆ ಹೋದಾಗ ಗೊಬ್ಬರದಕ್ಕ ಚಿಲಕ ಎಳೆದು, ತೆಗೆದು, ಮತ್ತೆ ಎಳೆದಳು. ಅವಳ ಗುಡಿಸಲಿಗೆ ಬಾಗಿಲೆಂದರೆ ಒಂದು ತಟ್ಟಿ. ಹುಟ್ಟಿದಾಗಿನಿಂದ ಅವಳು ಕಂಡ ಬೀಗ, ಅಗಳಿ, ಕೊಂಡಿ ಎಲ್ಲ ಅವಳನ್ನು ಹೊರಗಿಡಲು ಇದ್ದವು. ಅವಳು ಒಳಗಿದ್ದು ಲೋಕ ಹೊರಗಿರುವ ಚಿಲಕ ಇದೇ ಮೊದಲು. ಕೆಲಸ ಮುಗಿದರೂ ಏಳಲಿಲ್ಲ. ಸುಮ್ಮನೆ ಕೂತಳು. ಯಾರೂ ನೋಡುತ್ತಿಲ್ಲ ಎಂಬುದನ್ನು ಮೈ ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಸೊಸೆ ನೀರು ಕುಡಿದಳು. ಉರಿ ಹೋಯಿತು. ಕೆನ್ನೆಗೆ ಬಣ್ಣ ಬಂತು. ಕೋಣೆ ಜೋಳಕ್ಕಾಗಿ ಇದ್ದರೇನು, ಯಾರ ಪುಣ್ಯವೋ ಎಂದುಕೊಂಡಳು ಅತ್ತೆ.

ಜೋಳ ಮೊಣಕಾಲಿಗೆ ಬಂತು. ಒಂದರ ಹಿಂದೊಂದು ಡ್ರಮ್ಮುಗಳು ತುಂಬಿದ್ದವು. "ನೀರು ಬೆರೆಸೋದಾ?" ಎಂದು ಕೇಳುವ ಯೋಚನೆ ಯಾರಿಗೂ ಬರಲಿಲ್ಲ, ಗಟ್ಟಿಯಿದ್ದಷ್ಟೂ ಒಳ್ಳೆಯದು ಎಂಬುದು ಯಜಮಾನನ ಲೆಕ್ಕ. ನಡು ಮಧ್ಯಾಹ್ನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೆಂಗಸರು ಬಕೆಟ್ಟು ಹೊತ್ತರು. ಕಣ್ಣು ಉರಿಯುವ ಘಾಟು. "ಸುಳಿಗೇ ಹೊಯ್ಯಿರಿ, ಬೇಗ ಇಳಿಯುತ್ತೆ" ಎಂದು ಯಜಮಾನ ಬದುವಿನ ಮೇಲಿಂದ ಕೂಗಿದ. ಹೊಯ್ದರು. ತಮ್ಮದನ್ನೇ ತಾವು ಹೊತ್ತು, ತಮ್ಮದರಲ್ಲೇ ತಾವು ತೊಯ್ದು ಮನೆಗೆ ಹೋದರು.

ಕೆಲವೇ ದಿನಕ್ಕೆ ಎಲೆಗಳ ತುದಿ ಬೆಂಕಿ ತಾಗಿಸಿದಂತೆ ಕಂದಿತು. ಸುಳಿ ಬಾಡಿತು. ಹೊಲದ ಮುಂಭಾಗವೆಲ್ಲ ಒಣಹುಲ್ಲಿನ ಬಣ್ಣ.

ಯಜಮಾನ ಹೆಂಗಸರನ್ನು ಸಾಲಾಗಿ ನಿಲ್ಲಿಸಿದ. "ಏನು ತಿಂದು ಬರ್ತೀರೇ ನೀವು? ಖಾರ ತಿಂತೀರಿ, ಉಪ್ಪು ತಿಂತೀರಿ, ಹಾಳು ಮೂಳು ತಿಂತೀರಿ. ನಿಮ್ಮ ಮೈಯಲ್ಲೇ ವಿಷ ಇದೆ. ಅದಕ್ಕೇ ಸುಟ್ಟಿದ್ದು ನನ್ನ ಪೈರು." ಒಬ್ಬೊಬ್ಬರ ಮುಂದೆಯೂ ನಿಂತ. ಸೊಸೆಯ ಮುಂದೆ ನಿಂತಾಗ ಅವನ ಕಣ್ಣು ಅವಳ ಹೊಟ್ಟೆಗೆ ಹೋಯಿತು. "ಇವಳದ್ದೇ ಇರ್ಬೇಕು. ಬಸುರಿ ಉಚ್ಚೆ, ಕೆಟ್ಟ ಉಷ್ಣ."

ಸೊಸೆ ತಲೆ ತಗ್ಗಿಸಿದಳು. ಗೊಬ್ಬರದಕ್ಕನ ಒಡೆದ ಬೆರಳುಗಳು ತಾವಾಗಿಯೇ ಮುಷ್ಟಿಯಾದವು. ಆದರೆ ಬಾಯಿ ತೆರೆಯಲಿಲ್ಲ. ತೆರೆದರೆ ಕೋಣೆ ಹೋದೀತು ಎಂಬ ಭಯ.

ಬಾಯಿ ತೆರೆಯದಿದ್ದರೂ ಹೋಯಿತು. ಸಲಹೆಗಾರ್ತಿ ಬಂದು ಹೊಲ ನೋಡಿ, "ನೀರು ಬೆರೆಸಲಿಲ್ವಾ?" ಎಂದು ಹಣೆ ಚಚ್ಚಿಕೊಂಡಳು. "ಬೇರು ಬದುಕಿದೆ. ಮಳೆಗೆ ಮುಂಚೆ ಬುಡಕ್ಕೆ ಸ್ವಲ್ಪ ಯೂರಿಯಾ ಕೊಟ್ಟು ಮುಚ್ಚಿಸಿ. ಹೊಸ ಎಲೆ ಬರುತ್ತೆ. ಆ ಮಳೆ ಕೈ ತಪ್ಪಿದ್ರೆ ಈ ಬೆಳೆ ಇಲ್ಲ." ಯಜಮಾನ ಯಾರ ಯಾರದೋ ಕಾಲು ಹಿಡಿದು ಒಂದಷ್ಟು ಮೂಟೆ ತಂದ. ತಂದದ್ದನ್ನು ಕಳ್ಳರು ಮುಟ್ಟಬಾರದು, ತೇವ ತಾಗಬಾರದು. ಎಲ್ಲಿಡುವುದು? ಕೋಣೆ ಇತ್ತಲ್ಲ. ತೂತಿನ ಮೇಲೆ ಹಲಗೆ ಮುಚ್ಚಿ, ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಗೋಡೆಯ ಪಕ್ಕಕ್ಕೆ ಮೂಟೆ ಪೇರಿಸಿದರು. ಬಾಗಿಲಿಗೆ ಹೊರಗಿನಿಂದ ಒಂದು ಕೊಂಡಿ ಬಿಗಿಸಿ, ಮುಷ್ಟಿ ಗಾತ್ರದ ಬೀಗ ಹಾಕಿದರು. ನೀರಿನ ಕೊಡಗಳೂ ಮಾಯವಾದವು.

"ನಾವೆಲ್ಲಿಗೆ ಹೋಗೋದು ಮೇಸ್ತ್ರೀ?"

"ಮೊದಲು ಎಲ್ಲಿಗೆ ಹೋಗ್ತಿದ್ರಿ?"

"ಎಲ್ಲಿಗೂ ಹೋಗ್ತಿರ್ಲಿಲ್ಲ."

"ಅಲ್ಲಿಗೇ ಹೋಗಿ."

ಮೂಟೆಗೆ ಬಾಗಿಲು, ಮನುಷ್ಯರಿಗೆ ಬಯಲು. ಗೊಬ್ಬರದಕ್ಕ ಬೀಗವನ್ನು ನೋಡಿದಳು. ಸೊಸೆ ತುಟಿ ಒದ್ದೆ ಮಾಡಿಕೊಂಡು ನೀರಿನ ಕೊಡ ಇದ್ದ ಜಾಗವನ್ನು ನೋಡುತ್ತಿದ್ದಳು.

ಮಳೆಯ ಮೋಡ ಕಟ್ಟಿದ ದಿನ ಸುತ್ತಲಿನ ಹೊಲಗಳಲ್ಲೆಲ್ಲ ಜನ ಬಗ್ಗಿದ್ದರು. ಯಜಮಾನನ ಹಿತ್ತಲಿಗೂ ಹೆಂಗಸರು ಬಂದರು. ಮೇಸ್ತ್ರಿ ಬೀಗ ತೆಗೆದು ಬಾಗಿಲು ಸರಿಸಿದ. "ಬೇಗ ಬೇಗ ಮೂಟೆ ಎತ್ತಿ. ಆಕಾಶ ನೋಡಿ ಹೆಂಗಿದೆ."

"ಅತ್ತೆ," ಎಂದಳು ಸೊಸೆ ಮೆಲ್ಲಗೆ. "ಬೆಳಿಗ್ಗೆಯಿಂದ ತಡ್ಕೊಂಡಿದ್ದೀನಿ. ಮತ್ತೆ ಉರೀತಿದೆ."

"ಕೆಲಸ ಮುಗಿಸಿ ಆಮೇಲೆ ಉರ್ಕೊಳ್ಳಿ," ಎಂದ ಮೇಸ್ತ್ರಿ.

ಗೊಬ್ಬರದಕ್ಕ ಏನೂ ಯೋಚನೆ ಮಾಡಿಕೊಂಡು ಬಂದಿರಲಿಲ್ಲ. ಸೊಸೆಯ ಕೈ ಹಿಡಿದಳು. ಒಳಗೆ ಎಳೆದುಕೊಂಡಳು. ಬಾಗಿಲು ತಳ್ಳಿದಳು. ಚಿಲಕ ಎಳೆದಳು.

ಪ್ಲಾಸ್ಟಿಕ್ ಮಡಚಿ, ಕಾಲಿನಿಂದ ಹಲಗೆ ಸರಿಸಿ, "ಕೂತ್ಕೋ" ಎಂದಳು.

"ಅತ್ತೆ, ಹೊರಗೆ ಮೇಸ್ತ್ರಿ..."

"ಹೊರಗೇ ಇದ್ದಾನಲ್ಲ. ಕೂತ್ಕೋ."

ಸೊಸೆ ಕೂತಳು. ಗೊಬ್ಬರದಕ್ಕ ಬಾಗಿಲಿನ ಕಡೆ ತಿರುಗಿ ನಿಂತಳು. ಹುಡುಗಿ ಹಲ್ಲು ಕಚ್ಚಿಕೊಂಡು ನರಳುವುದು ಕೇಳಿಸಿತು. ಆ ಸದ್ದು ಕೇಳುತ್ತ ನಿಂತಾಗ ಅವಳಿಗೆ ಒಂದು ಮಾತು ಗಟ್ಟಿಯಾಯಿತು: ಈ ಬಾಗಿಲು ಸುಮ್ಮನೆ ತೆರೆಯುವುದಿಲ್ಲ.

ಬಾಗಿಲು ದಬದಬ ಬಡಿದುಕೊಂಡಿತು. ಯಜಮಾನನೂ ಓಡಿ ಬಂದಿದ್ದ. "ಯಾರು ಒಳಗೆ?"

"ಗೊಬ್ಬರ ಸ್ವಾಮಿ."

"ಏನಂದೆ?"

"ಗೊಬ್ಬರ. ಘನಾನೂ ಇದೆ, ದ್ರವಾನೂ ಇದೆ."

ಹೊರಗೆ ಹೆಂಗಸರು ಕಿಸಕ್ಕೆಂದರು.

"ಏ ತೂತು ಮೂಟೆ, ಬಾರೇ ಹೊರಗೆ! ಬಾಗಿಲು ಒಡೀತೀನಿ!"

"ಒಡೀರಿ ಯಜಮಾನ್ರೇ, ನಿಮ್ಮನೇ ಬಾಗಿಲು," ರೇಡಿಯೋದ ದನಿ. "ಒಡೆದ ಮೇಲೆ ಮಳೆ ಬಂದ್ರೆ ಮೂಟೆಗೆ ಕೊಡೆ ಯಾರು ಹಿಡಿಯೋದು ಅಂತ ಮೊದಲೇ ಹೇಳಿಬಿಡಿ."

"ನಿಮ್ಮನ್ನೆಲ್ಲ ಓಡಿಸಿ ಬೇರೆ ಕೂಲಿಯವರನ್ನ ಕರೆಸ್ತೀನಿ!"

"ಕರೆಸಿ. ಇವತ್ತು ಈ ಸುತ್ತಿನಲ್ಲಿ ಬಗ್ಗದೆ ಇರೋ ಬೆನ್ನು ನಿಮ್ಮದೊಂದೇ."

ಯಜಮಾನನಿಗೆ ಬೇರೊಂದು ಭಯ ಹುಟ್ಟಿತು. "ಏ, ಮೂಟೆ ಮೇಲೆ ಏನಾದ್ರೂ ಮಾಡೀಯೆ, ಹುಷಾರ್!"

"ಇನ್ನೂ ಮಾಡಿಲ್ಲ," ಎಂದಳು ಗೊಬ್ಬರದಕ್ಕ, ಮೂಟೆಯ ಮೇಲೆ ಆರಾಮಾಗಿ ಕೂರುತ್ತ. "ಆದ್ರೆ ನನ್ನ ಸಂಗತಿ ನಿಮಗೇ ಗೊತ್ತಲ್ಲ. ನಗು ಬಂದ್ರೆ ನನ್ನ ಕೈಲಿಲ್ಲ. ರೇಡಿಯೋ, ಒಂದು ಹಾಸ್ಯ ಹೇಳೇ."

"ಯಾವುದು ಹೇಳ್ಲಿ ಅಕ್ಕ? ಮೇಸ್ತ್ರಿ ಹೆಂಡ್ತಿದಾ?"

"ಏ! ಯಾರೂ ಅವಳನ್ನ ನಗಿಸಬೇಡ್ರೇ!" ಯಜಮಾನ ಚೀರಿದ. "ಮೇಸ್ತ್ರೀ, ಮುಚ್ಚಿಸೋ ಅವಳ ಬಾಯಿ!"

ಹಿತ್ತಲೆಲ್ಲ ನಗುವಾಯಿತು. ಸೊಸೆಯೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ನಗುತ್ತಲೇ ಅವಳಿಗೆ ಅಳು ಬಂತು. "ಅತ್ತೆ, ನಾಳೆಯಿಂದ ಕೆಲಸ ಕೊಡಲ್ಲ ಇವರು."

"ಕೊಡದೆ ಇರ್ಲಿ. ಮಗು ಕಳ್ಕೊಂಡು ದುಡಿಯೋ ಕೆಲಸ ನನಗೆ ಬೇಡ."

ಗುಡುಗಿತು. ಯಜಮಾನನ ದನಿ ಇಳಿಯಿತು. "ಏನು ಬೇಕು ನಿನಗೆ? ಹೇಳು."

ಗೊಬ್ಬರದಕ್ಕ ಎದ್ದು ಬಾಗಿಲಿನ ಹತ್ತಿರ ನಿಂತಳು. ಮಾತಿಗೆ ಸಿಂಗಾರ ಮಾಡಲು ಅವಳಿಗೆ ಬರುತ್ತಿರಲಿಲ್ಲ.

"ನಿಮ್ಮ ಪೈರಿಗೆ ಬೇಕಾದಾಗ ನಮ್ಮ ಉಚ್ಚೆ ಬಂಗಾರ. ಬೇಡ ಆದಾಗ ನಮ್ಮ ಮೈಯೇ ವಿಷ. ನನ್ನ ಸೊಸೆ ಹೊಟ್ಟೆ ನೋಡ್ಕೊಂಡು ಆಡಿದ್ರಿ ಆ ಮಾತು. ನಮಗೆ ಬಂಗಾರಾನೂ ಆಗೋದು ಬೇಡ, ವಿಷಾನೂ ಆಗೋದು ಬೇಡ. ಉಚ್ಚೆ ಬಂದಾಗ ಹೊಯ್ಯೋಕೆ ಒಂದು ಜಾಗ ಬೇಕು. ಅದನ್ನ ನೀವು ಡ್ರಮ್ಮಿಗೆ ತುಂಬ್ಕೊಳ್ಳಿ, ಚರಂಡಿಗೆ ಬಿಡಿ, ನಮಗೇನು? ಮೂಟೆ ಇಲ್ಲಿಂದ ಹೋಗ್ಬೇಕು. ಕುಡಿಯೋ ನೀರು ಬರ್ಬೇಕು. ಹೊರಗಿನ ಕೊಂಡಿ ಕೀಳ್ಬೇಕು."

"ಸರಿ, ನಾಳೆ ಕೀಳಿಸ್ತೀನಿ. ಬಾ ಈಗ."

"ಈಗ ಕೀಳಿಸಿ. ನಾನು ಒಳಗೆ ಇದ್ದ ಹಾಗೇ."

"ಮೂಟೆ ಎಲ್ಲಿಡಲೇ ನಾನು, ನನ್ನ ತಲೆ ಮೇಲಾ?"

"ನಿಮ್ಮ ಹಜಾರ ದೊಡ್ಡದಿದೆ."

ಗಾಳಿಗೆ ಜೋಳದ ಎಲೆಗಳು ಸರಸರ ಎಂದವು. ದೂರದ ಹೊಲದಲ್ಲಿ ಯಾರೋ ಯಾರನ್ನೋ ಬೇಗ ಬೇಗ ಎಂದು ಕೂಗುತ್ತಿದ್ದರು. ಕೊನೆಗೆ ಯಜಮಾನನ ಬೈಗುಳ, ಆಮೇಲೆ ಮೇಸ್ತ್ರಿಯ ಹೆಜ್ಜೆ ಟ್ರ್ಯಾಕ್ಟರಿನ ಕಡೆಗೆ ಹೋಗಿ ಬರುವ ಸದ್ದು. ಪಾನಾ ಕಬ್ಬಿಣಕ್ಕೆ ಕಚ್ಚಿತು. ನಟ್ಟು ಕಿರುಗುಟ್ಟಿತು. ಒಂದೊಂದು ಬೋಲ್ಟು ಕಲ್ಲಿನ ಮೇಲೆ ಬಿದ್ದಾಗಲೂ ಹೊರಗಿನ ಹೆಂಗಸರು "ಹೋಯ್ತು!" ಎಂದು ಕೂಗಿದರು. ಕೊಂಡಿಯನ್ನು ಮೇಲಿನ ಬೆಳಕಿನ ಕಿಂಡಿಯಿಂದ ಒಳಗೆ ಹಾಕಬೇಕೆಂದಳು ಗೊಬ್ಬರದಕ್ಕ. ಅದು ಮೂಟೆಯ ಮೇಲೆ ಧಪ್ಪೆಂದು ಬಿತ್ತು. ಆಗ ಚಿಲಕ ತೆಗೆದಳು.

ಮೂಟೆಗಳು ಹೊರಗೆ ಬಂದವು. ಇವತ್ತಿಗೆ ಬೇಕಾದವು ಮಡಿಲುಗಳಿಗೆ, ಉಳಿದವು ಹೆಂಗಸರ ಬೆನ್ನೇರಿ ಯಜಮಾನನ ಹಜಾರಕ್ಕೆ. ಮೆತ್ತನೆಯ ಕುರ್ಚಿಗಳ ಪಕ್ಕ, ಮದುವೆಯ ಫೋಟೋದ ಕೆಳಗೆ ಪೇರಿಸಿದರು. ಆ ನೆಲವನ್ನು ಇವರ ಕಾಲು ಮೆಟ್ಟಿದ್ದು ಅದೇ ಮೊದಲು. ಯಜಮಾನಿ ಬಾಗಿಲ ಸಂದಿಯಿಂದ ಮೂಗು ಮುಚ್ಚಿಕೊಂಡು ನೋಡಿದಳು. ಮೇಸ್ತ್ರಿ ನೀರಿನ ಕೊಡ ತಂದಿಟ್ಟ. ಹೆಂಗಸರು ಕುಡಿದರು. ಕುಡಿದು ಬಾಯಿ ಒರೆಸಿಕೊಂಡು ಕೋಣೆಯ ಮುಂದೆ ಸಾಲು ನಿಂತರು.

"ಈಗ ಹೊಲಕ್ಕೆ ಇಳೀರೇ!" ಎಂದ ಯಜಮಾನ. "ಮೋಡ ತಲೆ ಮೇಲೆ ಬಂತು."

"ಬಂದಾಗ ಹೋಗ್ಬೇಕು ಅಂತ ಡಾಕ್ಟ್ರಮ್ಮ ಹೇಳಿದ್ದಾರೆ," ಎಂದಳು ಗೊಬ್ಬರದಕ್ಕ. "ಈಗ ಬಂದಿದೆ."

ಒಬ್ಬಳು ಒಳಗೆ ಹೋದಳು. ಚಿಲಕ ಎಳೆದ ಸದ್ದು. ಚಿಲಕ ತೆಗೆದ ಸದ್ದು. ಇನ್ನೊಬ್ಬಳು ಹೋದಳು. ಯಾರೂ ಓಡಲಿಲ್ಲ. ಬಟ್ಟೆ ಸರಿಮಾಡಿಕೊಂಡು, ಕೂದಲು ಬಿಗಿದುಕೊಂಡು, ಕೈ ತೊಳೆದುಕೊಂಡು ಹೊರಗೆ ಬಂದರು. ಮುಗಿಸಿದವರು ಮಡಿಲು ಕಟ್ಟಿಕೊಂಡು ಸಾಲಿಗೆ ಇಳಿದರು. ಯಜಮಾನ ಒಮ್ಮೆ ಆಕಾಶ ನೋಡಿದ, ಒಮ್ಮೆ ಬಾಗಿಲು ನೋಡಿದ. ಕೊನೆಗೆ ಉಳಿದವಳು ಅವರಲ್ಲೆಲ್ಲ ಹಿರಿಯಳು, ಸೊಂಟ ಬಿದ್ದ ಮುದುಕಿ. ಅವಳಿಗೆ ಕೂರುವುದೂ ತಡ, ಏಳುವುದೂ ತಡ.

ದಪ್ಪ ಹನಿಯೊಂದು ಯಜಮಾನನ ತೋಳಿನ ಮೇಲೆ ಬಿತ್ತು. ಅವನು ಮುಂದೆ ಬಂದು ಬಾಗಿಲು ಬಡಿಯಲು ಕೈ ಎತ್ತಿದ.

ಗೊಬ್ಬರದಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಒಳಗೆ ಜನ ಇದ್ದಾರೆ," ಎಂದಳು.